ಬೆವರು ಆರಬೇಕು

ಬೇಸಗೆ ಬಂತೆಂದರೆ ಹೊರನಾಡಿನಲ್ಲಿ ಇಬ್ಬರು ಕನ್ನಡಿಗರು ಎದುರಾದಾಗ ಆಡುವ ಮೊದಲ ಮಾತು ಸೆಕೆಯದೇ. ಮುಂಬಯಿಯ ಲೋಕಲ್ ಗಾಡಿಯಲ್ಲಾಗಲಿ, ಚೆನ್ನೈಯ ತರಕಾರಿ ಅಂಗಡಿಯಲ್ಲಾಗಲಿ, ದೆಹಲಿಯ ಬಸ್ಸಿನ ಸಾಲಿನಲ್ಲಾಗಲಿ, ಕನ್ನಡ ಕಿವಿಗೆ ಬಿದ್ದೊಡನೆ ಪರಿಚಯಕ್ಕೆ ಪೀಠಿಕೆಯಾಗಿ ಅದು ಒದಗುತ್ತದೆ. "ಎಂಥ ಸೆಕೆ ಮಾರಾಯ್ರೆ" ಎಂದು ಮಂಗಳೂರಿನವರು, "ಭಾಳ ಧಗಿ ಆತ್ರಿ" ಎಂದು ಧಾರವಾಡದವರು, "ನಮ್ಮೂರಲ್ಲಿ ಹೀಗಿರ್ಲಿಲ್ಲ ಬಿಡಿ" ಎಂದು ಮೈಸೂರಿನವರು. ಮಾತು ಅಲ್ಲಿಗೆ ಮುಗಿಯುತ್ತದೆ. ಸೆಕೆಯನ್ನು ನಾವು ಮಾತಿನ ವಸ್ತುವಾಗಿ ಮಾಡಿಕೊಂಡಿದ್ದೇವೆಯೇ ಹೊರತು ಆರೋಗ್ಯದ ವಿಷಯವಾಗಿ ಎಣಿಸಿದವರಲ್ಲ. ಮಳೆಯಲ್ಲಿ ನೆನೆದರೆ ನೆಗಡಿಯಾದೀತೆಂದು ಅಂಜುತ್ತೇವೆ. ಸೊಳ್ಳೆ ಕಚ್ಚಿದರೆ ಡೆಂಗ್ಯೂ ಬಂದೀತೆಂದು ಹೆದರುತ್ತೇವೆ. ಸೆಕೆಯನ್ನು ಮಾತ್ರ ಸುಮ್ಮನೆ ಸಹಿಸಿಕೊಳ್ಳತಕ್ಕದ್ದು ಎಂದು ಹಿಂದಿನಿಂದ ಬಂದ ನಂಬಿಕೆ. ಈಗಿನ ಸೆಕೆಗೆ ಆ ನಂಬಿಕೆ ಸಾಲದು ಎಂಬುದನ್ನು ಈ ಸಲದ ಅಂಕಣದಲ್ಲಿ ಓದುಗರ ಮುಂದಿಡಬೇಕೆಂದಿದ್ದೇವೆ.

ಹವಾಮಾನ ಬದಲಾಗುತ್ತಿದೆಯೆಂದು ಪತ್ರಿಕೆಗಳಲ್ಲಿ ದಿನವೂ ಓದುತ್ತೇವೆ. ಧ್ರುವದ ಹಿಮ ಕರಗಿತು, ಸಮುದ್ರ ಮೇಲೇರಿತು ಎಂಬ ವಾರ್ತೆಗಳು ನಮ್ಮ ಮನೆಯಿಂದ ಬಹು ದೂರದವಾಗಿ ಕಾಣುತ್ತವೆ. ಆದರೆ ಅದೇ ಬದಲಾವಣೆ ನಮ್ಮ ಮೈಯನ್ನೂ ಬಿಟ್ಟಿಲ್ಲ. ಮಳೆ ಒಮ್ಮೆಲೆ ಸುರಿದು ಊರು ಮುಳುಗಿದರೆ ಇಲಿಜ್ವರ ಹಿಂಬಾಲಿಸುತ್ತದೆ. ೨೦೦೫ರ ಜುಲೈ ೨೬ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ ೯೪೪ ಮಿಲಿಮೀಟರು ಮಳೆ ಬಿದ್ದ ಮೇಲೆ ಆದದ್ದು ಅದೇ. ಚಳಿ ಕಡಿಮೆಯಾದ ಕಡೆ ಸೊಳ್ಳೆಯ ಋತು ಉದ್ದವಾಗುತ್ತದೆ. ಇವು ಒಂದೊಂದೂ ಬೇರೆ ಬೇರೆ ಲೇಖನಕ್ಕೆ ತಕ್ಕವು. ಇಂದು ನಾವು ಹಿಡಿದಿರುವುದು ಸೆಕೆಯೊಂದನ್ನೇ. ಏಕೆಂದರೆ ಇದು ಎಲ್ಲರ ಮನೆಗೂ ಬರುತ್ತದೆ, ಸದ್ದಿಲ್ಲದೆ ಬರುತ್ತದೆ, ಮತ್ತು ಇದರಿಂದಾಗುವ ಸಾವನ್ನು ಬಹುಮಟ್ಟಿಗೆ ತಡೆಯಬಹುದು.

ಮೊದಲು ಲೆಕ್ಕ. ೧೯೫೮ರಲ್ಲಿ ಹವಾಯಿ ದ್ವೀಪದ ಮೌನ ಲೋವಾ ಬೆಟ್ಟದ ಮೇಲೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಅಳೆಯಲು ತೊಡಗಿದಾಗ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಅದು ಸುಮಾರು ೩೧೫ ಭಾಗವಿತ್ತು. ಈಗ ೪೨೦ನ್ನು ದಾಟಿದೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲುಗಳನ್ನು ಉರಿಸಿ ನಾವು ಭೂಮಿಗೆ ಹೊದಿಸಿದ ಕಂಬಳಿ ಇದು. ಭಾರತದ ಸರಾಸರಿ ಉಷ್ಣತೆ ೧೯೦೧ರಿಂದ ೨೦೧೮ರೊಳಗೆ ಸುಮಾರು ೦.೭ ಡಿಗ್ರಿ ಏರಿದೆಯೆಂದು ಕೇಂದ್ರ ಸರ್ಕಾರದ ಭೂವಿಜ್ಞಾನ ಸಚಿವಾಲಯ ೨೦೨೦ರ ವರದಿಯಲ್ಲಿ ಹೇಳಿತು. ಇಡೀ ಭೂಮಿಯ ಲೆಕ್ಕದಲ್ಲಿ ೨೦೨೪ನೇ ಇಸವಿ, ಕೈಗಾರಿಕೆಗಳು ತಲೆಯೆತ್ತುವ ಮೊದಲಿನ ಕಾಲಕ್ಕಿಂತ ಸುಮಾರು ಒಂದೂವರೆ ಡಿಗ್ರಿ ಹೆಚ್ಚು ಬಿಸಿಯಾಗಿತ್ತು.

"ಒಂದೂವರೆ ಡಿಗ್ರಿಗೆ ಇಷ್ಟೊಂದು ಗದ್ದಲವೆ?" ಎಂದು ಕೇಳಬಹುದು. ನಮ್ಮ ಮೈಯ ಉಷ್ಣತೆ ೩೭ರಿಂದ ೩೮.೫ಕ್ಕೆ ಏರಿದರೆ ಮಗುವನ್ನು ಶಾಲೆಗೆ ಕಳುಹಿಸುವುದಿಲ್ಲ, ಹಣೆಗೆ ಒದ್ದೆ ಬಟ್ಟೆ ಇಡುತ್ತೇವೆ. ಅಲ್ಲದೆ ಇದು ಸರಾಸರಿ. ಸರಾಸರಿ ಸ್ವಲ್ಪ ಸರಿದರೂ, ಅಪರೂಪಕ್ಕೆ ಬರುತ್ತಿದ್ದ ಬೇಗೆಯ ದಿನಗಳು ಪದೇ ಪದೇ ಬರತೊಡಗುತ್ತವೆ. ಫ್ಯಾನೇ ಬೇಡದ ಊರೆಂದು ಹಿರಿಯರು ಹೊಗಳುತ್ತಿದ್ದ ಬೆಂಗಳೂರಿನಲ್ಲಿ ೨೦೧೬ರ ಏಪ್ರಿಲಿನಲ್ಲಿ ಉಷ್ಣಮಾಪಕ ೩೯.೨ ಡಿಗ್ರಿ ತೋರಿಸಿತು. ಬೇಸಗೆಗೆ ಊರಿಗೆ ಹೋಗಿ ತಂಪಾಗಿ ಬರುತ್ತೇವೆ ಎಂಬ ನಮ್ಮ ಹಳೆಯ ಭರವಸೆಯೂ ಹೀಗೆ ಸಡಿಲವಾಗುತ್ತಿದೆ.

ಇನ್ನು ಮೈಯ ವಿಚಾರ. ಇದನ್ನು ತಿಳಿಯಲು ದೊಡ್ಡ ಶಾಸ್ತ್ರವೇನೂ ಬೇಡ. ಅಡುಗೆಮನೆಯ ಮೂಲೆಯಲ್ಲಿರುವ ಮಣ್ಣಿನ ಹೂಜಿ ಸಾಕು. ಹೂಜಿಯ ಮೈಯಿಂದ ನೀರು ಸಣ್ಣಗೆ ಒಸರುತ್ತದೆ. ಒಸರಿದ್ದು ಗಾಳಿಗೆ ಆರುತ್ತದೆ. ಆರುವಾಗ ಒಳಗಿನ ಕಾವನ್ನು ಹೊತ್ತುಕೊಂಡು ಹೋಗುತ್ತದೆ; ಒಳಗಿನ ನೀರು ತಂಪಾಗುತ್ತದೆ. ನಮ್ಮ ದೇಹವೂ ಇಂಥದೇ ಒಂದು ಹೂಜಿ. ನಾವು ಕುಳಿತಿರಲಿ, ದುಡಿಯುತ್ತಿರಲಿ, ದೇಹ ಒಳಗೆ ಕಾವನ್ನು ಹುಟ್ಟಿಸುತ್ತಲೇ ಇರುತ್ತದೆ. ಹೊರಗೆ ತಂಪಾಗಿದ್ದರೆ ಆ ಕಾವು ಚರ್ಮದ ಮೂಲಕ ತಾನಾಗಿ ಹೊರಹೋಗುತ್ತದೆ. ಹೊರಗಿನ ಗಾಳಿಯೇ ಮೈಯಷ್ಟು ಬಿಸಿಯಾದಾಗ ಉಳಿಯುವ ದಾರಿ ಬೆವರು ಒಂದೇ. ಒಂದು ಲೀಟರು ಬೆವರು ಪೂರ್ತಿ ಆರಿದರೆ ಅದು ಹೊತ್ತೊಯ್ಯುವ ಕಾವು ಏಳು ಲೀಟರು ತಣ್ಣೀರನ್ನು ಕುದಿಸುವುದಕ್ಕೆ ಸಾಲುವಷ್ಟು! ಇಲ್ಲಿ ಗಮನಿಸಬೇಕಾದ ಮಾತೆಂದರೆ, ಬೆವರು ಸುರಿದರೆ ಸಾಲದು, ಆರಬೇಕು. ಅಂಗಿ ತೊಯ್ದು ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಮೈ ತಂಪಾಗುವುದಿಲ್ಲ; ಮೈಯ ನೀರೂ ಉಪ್ಪೂ ಹೋದದ್ದಷ್ಟೇ ಲಾಭ.

ಹೂಜಿಯ ಇನ್ನೊಂದು ಗುಣವನ್ನೂ ಗೃಹಿಣಿಯರು ಬಲ್ಲರು. ಮೇ ತಿಂಗಳಿನಲ್ಲಿ ದೆಹಲಿಯಲ್ಲೋ ಹೈದರಾಬಾದಿನಲ್ಲೋ ಹೂಜಿಯ ನೀರು ಹಲ್ಲು ಜುಮ್ಮೆನ್ನುವಷ್ಟು ತಂಪಾಗುತ್ತದೆ. ಅದೇ ಹೂಜಿಯನ್ನು ಮುಂಬಯಿಗೋ ಚೆನ್ನೈಗೋ ತಂದಿಡಿ. ನೀರು ಅಷ್ಟು ತಂಪಾಗದು. ದೆಹಲಿಯ ನೀರಿನ ಕೂಲರಿನ ಕಥೆಯೂ ಅಷ್ಟೇ. ಮೇ ತಿಂಗಳಲ್ಲಿ ಅದು ಸ್ವರ್ಗ. ಜುಲೈಯಲ್ಲಿ ಮಳೆಗಾಳಿ ಬಂದ ಮೇಲೆ ಬರೀ ಸದ್ದು. ಕಾರಣವೇನು? ಗಾಳಿ ಆಗಲೇ ನೀರಾವಿಯನ್ನು ತುಂಬಿಕೊಂಡಿದ್ದರೆ ಮತ್ತಷ್ಟನ್ನು ಸುಲಭವಾಗಿ ಹೀರಲಾರದು. ಅಂಥ ಗಾಳಿಯಲ್ಲಿ ನಮ್ಮ ಬೆವರಿಗೂ ಅದೇ ಗತಿ.

ಇದನ್ನು ಅಳೆಯುವುದಕ್ಕೆ ವಿಜ್ಞಾನಿಗಳು ಉಷ್ಣಮಾಪಕದ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿಯುತ್ತಾರೆ. ಒಣ ಮಾಪಕ ತೋರಿಸುವುದು ಗಾಳಿಯ ಬಿಸಿ. ಒದ್ದೆ ಮಾಪಕ ತೋರಿಸುವುದು ಬೆವರು ಆರಿ ಮೈ ಎಷ್ಟರಮಟ್ಟಿಗೆ ತಂಪಾದೀತು ಎಂಬುದನ್ನು. ದೆಹಲಿಯಲ್ಲಿ ೪೪ ಡಿಗ್ರಿ ಬಿಸಿಲಿದ್ದು ಗಾಳಿಯಲ್ಲಿ ತೇವ ನೂರಕ್ಕೆ ೧೫ ಇದ್ದರೆ ಒದ್ದೆ ಮಾಪಕ ಸುಮಾರು ೨೩ ಡಿಗ್ರಿ ತೋರಿಸುತ್ತದೆ. ಮುಂಬಯಿಯಲ್ಲಿ ಬಿಸಿ ೩೩ ಡಿಗ್ರಿಯಷ್ಟೇ ಇದ್ದು ತೇವ ನೂರಕ್ಕೆ ೭೫ ಇದ್ದರೆ ಅದೇ ಮಾಪಕ ೨೯ಕ್ಕೆ ಏರುತ್ತದೆ. ಹಾಗೆಂದು ದೆಹಲಿಯ ಬಿಸಿಲು ಸೌಮ್ಯವೆಂದಲ್ಲ. ಅಲ್ಲಿ ಬೆವರು ಕಾಣುವ ಮೊದಲೇ ಆರಿ, ಮೈಯಲ್ಲಿ ನೀರು ಬತ್ತಿದ್ದು ತಿಳಿಯುವುದೇ ಇಲ್ಲ. ಎರಡು ಊರಿನ ಸೆಕೆಗಳು ಎರಡು ಬಗೆಯ ಶತ್ರುಗಳು ಎಂದಷ್ಟೇ ನಮ್ಮ ತಾತ್ಪರ್ಯ. "ಇಲ್ಲಿ ನಲವತ್ತು ದಾಟಿಲ್ಲ, ಭಯವಿಲ್ಲ" ಎಂಬ ಮಾತು ಕರಾವಳಿಯ ಊರುಗಳಿಗೆ ಹೊಂದದು. ನಮ್ಮ ಹವಾಮಾನ ಇಲಾಖೆಯೂ ಬಿಸಿಗಾಳಿಯ ಎಚ್ಚರಿಕೆಗೆ ಬಯಲುನಾಡಿನಲ್ಲಿ ೪೦ ಡಿಗ್ರಿಯ ಗೆರೆ ಹಾಕಿದ್ದರೆ ಕರಾವಳಿಯಲ್ಲಿ ೩೭ ಡಿಗ್ರಿಗೇ ಹಾಕಿದೆ.

ಒದ್ದೆ ಮಾಪಕ ೩೫ ಡಿಗ್ರಿ ಮುಟ್ಟಿದರೆ ಎಂಥ ಆರೋಗ್ಯವಂತನೂ ನೆರಳಿನಲ್ಲಿ ಕುಳಿತಿದ್ದರೂ ಬಹಳ ಹೊತ್ತು ಬದುಕಲಾರ ಎಂದು ೨೦೧೦ರಲ್ಲಿ ಇಬ್ಬರು ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದರು. ೨೦೨೨ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಆರೋಗ್ಯವಂತ ತರುಣ ತರುಣಿಯರನ್ನೇ ಕೋಣೆಯೊಳಗಿಟ್ಟು ಪರೀಕ್ಷಿಸಿದಾಗ, ತೇವದ ಗಾಳಿಯಲ್ಲಿ ಸುಮಾರು ೩೧ ಡಿಗ್ರಿಗೇ ಅವರ ಒಳಮೈಯ ಉಷ್ಣತೆ ತಡೆಯಿಲ್ಲದೆ ಏರತೊಡಗಿತು. ತರುಣರ ಪಾಡು ಇದಾದರೆ ಎಪ್ಪತ್ತು ದಾಟಿದವರ ಪಾಡೇನು? ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ನೂರಕ್ಕೆ ಏಳರಷ್ಟು ಹೆಚ್ಚುತ್ತದೆ ಎಂಬುದನ್ನೂ ಇದರೊಡನೆ ಸೇರಿಸಿ ಓದಿಕೊಳ್ಳಬೇಕು.

ಸೆಕೆಯ ಕೆಲಸ ಎಂಥದೆಂದು ತಿಳಿಯಲು ನಡೆದ ಕೆಲವು ಘಟನೆಗಳನ್ನು ನೋಡೋಣ. ೨೦೧೦ರ ಮೇ ತಿಂಗಳಿನಲ್ಲಿ ಅಹಮದಾಬಾದಿನಲ್ಲಿ ಬಿಸಿ ೪೬.೮ ಡಿಗ್ರಿಗೆ ಏರಿತು. ಆ ತಿಂಗಳಲ್ಲಿ ಎಂದಿನ ಲೆಕ್ಕಕ್ಕಿಂತ ೧,೩೪೪ ಸಾವು ಹೆಚ್ಚು ಸಂಭವಿಸಿದುವೆಂದು ಆಮೇಲೆ ಮಾಡಿದ ಅಧ್ಯಯನದಿಂದ ತಿಳಿಯಿತು. 'ಎಂದಿನ ಲೆಕ್ಕಕ್ಕಿಂತ' ಎಂಬ ಮಾತನ್ನು ಗಮನಿಸಬೇಕು. ಇವರಲ್ಲಿ ಹೆಚ್ಚಿನವರು ಬೀದಿಯಲ್ಲಿ ಕುಸಿದು ಬಿದ್ದವರಲ್ಲ. ಮನೆಯೊಳಗೆ, ಹೃದಯ ನಿಂತೋ ಮೂತ್ರಪಿಂಡ ಸೋತೋ ತೀರಿಕೊಂಡವರು. ಇಂಥ ಸಾವಿಗೆ ಪ್ರಮಾಣಪತ್ರದಲ್ಲಿ 'ಹೃದಯಾಘಾತ' ಎಂದು ಬರೆಯುತ್ತಾರೆ. ಸೆಕೆಯ ಹೆಸರು ಎಲ್ಲಿಯೂ ಬರುವುದಿಲ್ಲ.

೨೦೨೩ರ ಏಪ್ರಿಲ್ ೧೬ರಂದು ನವಿ ಮುಂಬಯಿಯ ಖಾರಘರದಲ್ಲಿ ಬಯಲಿನಲ್ಲಿ ಒಂದು ದೊಡ್ಡ ಪ್ರಶಸ್ತಿ ಸಮಾರಂಭ. ಲಕ್ಷಾಂತರ ಜನ ಮಧ್ಯಾಹ್ನದವರೆಗೆ ಬಿಸಿಲಿನಲ್ಲೇ ಕುಳಿತಿದ್ದರು. ಹತ್ತಿರದ ಮಾಪಕ ತೋರಿಸಿದ್ದು ೩೮ ಡಿಗ್ರಿಯ ಆಸುಪಾಸು. ಹದಿನಾಲ್ಕು ಮಂದಿ ತೀರಿಕೊಂಡರು. ಅವರು ಬಂದದ್ದು ಭಕ್ತಿ ಗೌರವಗಳಿಂದ. ಮಧ್ಯದಲ್ಲಿ ಎದ್ದುಹೋಗುವುದು ಸಲ್ಲದೆಂದು ಕುಳಿತವರೂ ಅವರಲ್ಲಿ ಇದ್ದಿರಬೇಕು.

ಮೂರನೆಯದು ದೂರದ್ದು, ಆದರೆ ನಮಗೆ ಎಲ್ಲಕ್ಕಿಂತ ಹತ್ತಿರದ್ದು. ೨೦೦೩ರ ಆಗಸ್ಟಿನಲ್ಲಿ ಯೂರೋಪಿಗೆ ಬೇಗೆ ತಗಲಿ, ಫ್ರಾನ್ಸೊಂದರಲ್ಲೇ ಸುಮಾರು ೧೫,೦೦೦ ಜನ ತೀರಿಕೊಂಡರು. ಹಣವಂತ ದೇಶ, ಉತ್ತಮ ಆಸ್ಪತ್ರೆಗಳು; ಆದರೂ ಹೀಗಾಯಿತು. ಸತ್ತವರಲ್ಲಿ ಬಹುಪಾಲು ವೃದ್ಧರು. ಪ್ಯಾರಿಸಿನಲ್ಲಿ ಮೇಲಂತಸ್ತಿನ ಮಾಡಿನಡಿಯ ಕೋಣೆಗಳಲ್ಲಿ ಒಂಟಿಯಾಗಿದ್ದವರು ಅನೇಕರು. ಆಗಸ್ಟ್ ಅಲ್ಲಿ ರಜೆಯ ತಿಂಗಳು. ಮಕ್ಕಳು, ನೆರೆಹೊರೆಯವರು ಊರು ಬಿಟ್ಟಿದ್ದರು. ಬಾಗಿಲು ತಟ್ಟಿ "ನೀರು ಕುಡಿದಿರಾ?" ಎಂದು ಕೇಳುವವರು ಇರಲಿಲ್ಲ. ೧೯೯೫ರ ಜುಲೈಯಲ್ಲಿ ಅಮೆರಿಕದ ಷಿಕಾಗೋದಲ್ಲಿ ಏಳುನೂರಕ್ಕೂ ಮೇಲ್ಪಟ್ಟು ಜನ ಸತ್ತಾಗಲೂ ಕಂಡದ್ದು ಇದೇ. ಸೆಕೆ ಮೊದಲು ಹುಡುಕುವುದು ಒಂಟಿಯಾಗಿರುವವರನ್ನು.

ಇದನ್ನು ಓದುತ್ತಿರುವಾಗ ನಮ್ಮ ಓದುಗರಿಗೆ ತಮ್ಮದೇ ಕಟ್ಟಡದ ನೆನಪು ಬರಬಹುದು. ಮೇ ತಿಂಗಳ ರಜೆಗೆ ನಾವೂ ಊರಿಗೆ ಹೊರಡುತ್ತೇವೆ. ಮಕ್ಕಳು ಪರದೇಶದಲ್ಲಿರುವ, ಊರಿನಲ್ಲಿ ಈಗ ಯಾರೂ ಇಲ್ಲದ ಹಿರಿಯ ದಂಪತಿಗಳು ನಾಲ್ಕನೆಯ ಅಂತಸ್ತಿನಲ್ಲಿ ಉಳಿಯುತ್ತಾರೆ. ನಲವತ್ತು ವರ್ಷದ ಹಿಂದೆ ಕೆಲಸಕ್ಕೆಂದು ಬಂದು ಇಲ್ಲಿಯವರೇ ಆದವರು. ಈಗ ಎದುರು ಮನೆಯಲ್ಲಿ ಕನ್ನಡವೂ ಇಲ್ಲ. ಅವರ ತಲೆಯ ಮೇಲೆ ಆರ್.ಸಿ.ಸಿ. ಚಾವಣಿ. ಹಗಲೆಲ್ಲ ಬಿಸಿಲು ಕುಡಿದ ಸಿಮೆಂಟು ರಾತ್ರಿಯೆಲ್ಲ ಅದನ್ನು ಕೋಣೆಯೊಳಗೆ ಕಕ್ಕುತ್ತದೆ. ೨೦೨೪ರ ಜೂನಿನಲ್ಲಿ ದೆಹಲಿಯಲ್ಲಿ ಒಂದು ರಾತ್ರಿ ಉಷ್ಣತೆ ೩೫ ಡಿಗ್ರಿಗಿಂತ ಕೆಳಗಿಳಿಯಲೇ ಇಲ್ಲ. ಹಗಲಿನ ದಣಿವನ್ನು ದೇಹ ತೀರಿಸಿಕೊಳ್ಳುವುದು ರಾತ್ರಿಯ ತಂಪಿನಲ್ಲಿ. ಹೃದಯಕ್ಕೂ ಅದೇ ವಿರಾಮದ ಹೊತ್ತು. ಆ ವಿರಾಮ ತಪ್ಪಿದರೆ ಎರಡನೆಯ, ಮೂರನೆಯ ದಿನ ಅಪಾಯ ಬೆಳೆಯುತ್ತದೆ.

ವಯಸ್ಸಾದವರಿಗೆ ಬಾಯಾರಿಕೆ ಸರಿಯಾಗಿ ತಿಳಿಯುವುದಿಲ್ಲ, ಬೆವರೂ ಕಡಿಮೆ. ಮೈಯನ್ನು ತಂಪು ಮಾಡಲು ಹೃದಯವು ಚರ್ಮದ ಕಡೆಗೆ ಹೆಚ್ಚು ರಕ್ತ ನೂಕಬೇಕು. ಸೋತ ಹೃದಯಕ್ಕೆ ಅದು ಹೊರೆ. ರಕ್ತದೊತ್ತಡಕ್ಕೆ ಕೊಡುವ ಮೂತ್ರ ಹೆಚ್ಚಿಸುವ ಮಾತ್ರೆಗಳು, ಮನಸ್ಸಿನ ಕಾಯಿಲೆಯ ಕೆಲವು ಔಷಧಗಳು ಸೆಕೆಯ ಕಾಲದಲ್ಲಿ ದೇಹಕ್ಕೆ ತೊಡಕು ತರಬಲ್ಲವು. ಹಾಗೆಂದು ಮಾತ್ರೆಯನ್ನು ತಾವಾಗಿ ಬಿಡಕೂಡದು. ಬೇಸಗೆಯ ಮೊದಲೇ ವೈದ್ಯರಿಗೆ ತೋರಿಸಿ, ಪ್ರಮಾಣ ಬದಲಿಸಬೇಕೆ, ದಿನಕ್ಕೆಷ್ಟು ನೀರು ಕುಡಿಯಬಹುದು ಎಂದು ಕೇಳಿಕೊಳ್ಳಬೇಕು.

ಗರ್ಭಿಣಿಯರ ವಿಷಯ ಬೇರೆಯಾಗಿ ಹೇಳತಕ್ಕದ್ದು. ತಮಿಳುನಾಡಿನಲ್ಲಿ ಸುಮಾರು ೮೦೦ ಗರ್ಭಿಣಿಯರನ್ನು ಕುರಿತು ಚೆನ್ನೈಯ ಶ್ರೀರಾಮಚಂದ್ರ ಸಂಸ್ಥೆಯವರು ಮಾಡಿದ ಅಧ್ಯಯನ ೨೦೨೪ರಲ್ಲಿ ಪ್ರಕಟವಾಯಿತು. ವಿಪರೀತ ಸೆಕೆಯಲ್ಲಿ ದುಡಿಯುವ ಹೆಂಗಸರಲ್ಲಿ ಗರ್ಭಪಾತದ ಅಪಾಯ ಇಮ್ಮಡಿಯಾಗಿತ್ತು. ಹೆರಿಗೆಗೆ ತವರಿಗೆ ಬಂದ ಮಗಳನ್ನು ಮಧ್ಯಾಹ್ನದ ಅಡುಗೆಮನೆಯಿಂದ ಹೊರಗಿಡುವುದು ಮುದ್ದು ಮಾಡಿದಂತಲ್ಲ, ಚಿಕಿತ್ಸೆಯೇ ಸರಿ.

ಇನ್ನೊಂದು ಸಂಗತಿ ನಮ್ಮಂಥ ಹೊರನಾಡಿನವರಿಗೇ ಸಂಬಂಧಿಸಿದ್ದು. ಸೆಕೆಗೆ ದೇಹ ಒಗ್ಗಿಕೊಳ್ಳುತ್ತದೆ. ಆದರೆ ಅದಕ್ಕೆ ಒಂದರಿಂದ ಎರಡು ವಾರ ಬೇಕು. ಆಮೇಲೆ ಬೆವರು ಬೇಗ ಹುಟ್ಟುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಶಿರಸಿಯಿಂದಲೋ ಮಡಿಕೇರಿಯಿಂದಲೋ ಮೊಮ್ಮಗನ ಉಪನಯನಕ್ಕೆಂದು ಏಪ್ರಿಲಿನಲ್ಲಿ ಹೈದರಾಬಾದಿಗೆ ಬಂದಿಳಿದ ಅಜ್ಜಿಗೆ ಆ ಎರಡು ವಾರ ಸಿಕ್ಕಿರುವುದಿಲ್ಲ. ಬಂದ ಮರುದಿನವೇ ಅವರನ್ನು ಚಾರ್ಮಿನಾರ್ ತೋರಿಸಲು ಮಧ್ಯಾಹ್ನದ ಬಿಸಿಲಿಗೆ ಕರೆದೊಯ್ಯುವುದು ಪ್ರೀತಿಯ ಕೆಲಸವೇ ಆದರೂ ಜಾಣತನವಲ್ಲ. ಮೊದಲ ವಾರ ಬೆಳಗ್ಗೆ ಅಥವಾ ಸಂಜೆ ಮಾತ್ರ ತಿರುಗಾಟ ಎಂಬ ನಿಯಮವಿರಲಿ.

ಇದೇ ಮಾತು ದುಡಿಯಲು ಬರುವ ಹುಡುಗರಿಗೂ ಸಲ್ಲುತ್ತದೆ. ಉಡುಪಿ ಹೋಟೆಲುಗಳಿಗೆ ಮುಂಬಯಿಯಲ್ಲಿ ಎಷ್ಟು ಹೆಸರಿದೆಯೋ, ಅವುಗಳ ಅಡುಗೆಮನೆಯ ಕಾವೂ ಅಷ್ಟೇ ದೊಡ್ಡದು. ದೋಸೆ ಕಾವಲಿಯ ಮುಂದೆ ನಿಂತವನಿಗೆ ಹೊರಗಿನ ಸೆಕೆ ಒಂದು ಕಡೆ, ಒಲೆಯ ಝಳ ಒಂದು ಕಡೆ, ಇಡ್ಲಿ ಪಾತ್ರೆಯ ಹಬೆ ಮತ್ತೊಂದು ಕಡೆ. ಬೆವರು ಆರಲು ಎಡೆಯೇ ಇಲ್ಲ. ನಮ್ಮ ಓದುಗರಲ್ಲಿ ಹೋಟೆಲು ನಡೆಸುವವರು ಹಲವರಿದ್ದಾರೆ. ಅವರಲ್ಲಿ ನಮ್ಮ ವಿನಂತಿ: ಹಬೆಯನ್ನು ಹೊರಗೆಳೆಯುವ ಫ್ಯಾನು ಕೆಟ್ಟರೆ ಅಂದೇ ರಿಪೇರಿಯಾಗಲಿ, ಕಾವಲಿಯ ಮುಂದೆ ಒಬ್ಬನೇ ನಿಲ್ಲದೆ ಸರದಿಯಿರಲಿ, ಉಪ್ಪು ಹಾಕಿದ ನೀರುಮಜ್ಜಿಗೆಯ ಪಾತ್ರೆ ಕೈಗೆಟಕುವಂತಿರಲಿ, ಹೊಸದಾಗಿ ಬಂದವನ ಮೇಲೆ ಮೊದಲ ವಾರವೇ ಪೂರ್ತಿ ಹೊರೆ ಬೀಳದಿರಲಿ. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಕಟ್ಟಡದ ಕೆಲಸಕ್ಕೆ ಬರುವ ನಮ್ಮ ಜನ ಬಿಸಿಲುನಾಡಿನವರೇ. ಆದರೆ "ಅವರಿಗೆ ಬಿಸಿಲು ರೂಢಿ" ಎಂಬ ಮಾತನ್ನು ನೆಪ ಮಾಡಿಕೊಳ್ಳಬಾರದು. ತಗಡಿನ ಷೆಡ್ಡಿನಲ್ಲಿ ರಾತ್ರಿ ಕಳೆದವನಿಗೆ ರೂಢಿಯೂ ಒಂದು ಮಿತಿಯವರೆಗೆ ಮಾತ್ರ ನೆರವಾದೀತು. ನಮ್ಮದೇ ಕಟ್ಟಡದ ಕಾವಲುಗಾರನ ಗೂಡಿಗೆ ತಗಡಿನ ಮಾಡಿದೆಯೆ, ಫ್ಯಾನಿದೆಯೆ ಎಂದು ಒಮ್ಮೆ ಇಣುಕಿ ನೋಡಿದರೆ ಸಾಕು.

ಈಗ ಗುರುತು ಮತ್ತು ಉಪಚಾರ. ತಲೆನೋವು, ತಲೆಸುತ್ತು, ವಾಕರಿಕೆ, ಕಾಲಿನ ಸ್ನಾಯು ಹಿಡಿದುಕೊಳ್ಳುವುದು, ವಿಪರೀತ ಬೆವರು, ನಿತ್ರಾಣ: ಇವು ಮೊದಲ ಸೂಚನೆಗಳು. ಅಂಥವರನ್ನು ನೆರಳಿಗೆ ತಂದು ಮಲಗಿಸಿ, ಬಟ್ಟೆ ಸಡಿಲಿಸಿ, ಮೈಗೆ ನೀರು ಸವರಿ ಗಾಳಿ ಹಾಕಬೇಕು. ಎಚ್ಚರವಾಗಿದ್ದರೆ ಓ.ಆರ್.ಎಸ್. ದ್ರಾವಣವನ್ನು ಗುಟುಕು ಗುಟುಕಾಗಿ ಕುಡಿಸಬೇಕು. ಅದು ಸಿಗದಿದ್ದಲ್ಲಿ ಒಂದು ಲೀಟರು ಕುಡಿಯುವ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡನ್ನೂ ಸಮತಟ್ಟಾಗಿ ಅಳೆದು ಕದಡಿದರೆ ಆಯಿತು.

ಮಾತು ತಡವರಿಸಿದರೆ, ಸಂಬಂಧವಿಲ್ಲದ ಮಾತಾಡಿದರೆ, ಎಚ್ಚರ ತಪ್ಪಿದರೆ, ಮೈ ಕೆಂಡದಂತಿದ್ದರೆ ಅದು ಬಿಸಿಲಾಘಾತ. ಒಳಮೈಯ ಉಷ್ಣತೆ ಆಗ ೪೦ ಡಿಗ್ರಿ ಮುಟ್ಟಿರುತ್ತದೆ. ಬೆವರು ನಿಂತಿರಲೂಬಹುದು, ಇರಲೂಬಹುದು. "ಬೆವರಿದೆ, ಭಯವಿಲ್ಲ" ಎಂದು ಕೂಡ್ರಬಾರದು. ಒಬ್ಬರು ೧೦೮ಕ್ಕೋ ೧೧೨ಕ್ಕೋ ಫೋನು ಮಾಡುತ್ತಿರುವಾಗಲೇ ಮತ್ತೊಬ್ಬರು ಕೊಡಗಟ್ಟಲೆ ನೀರು ಹೊಯ್ದು ಗಾಳಿ ಹಾಕಬೇಕು. ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿ ಮಂಜುಗಡ್ಡೆ ಇಡಬೇಕು. ಮೊದಲು ತಂಪು, ಆಮೇಲೆ ಸಾಗಣೆ. ಗಾಡಿ ಬರಲೆಂದು ಕಾಯುವ ಹತ್ತು ನಿಮಿಷ ಬಹಳ ಬೆಲೆಯುಳ್ಳದ್ದು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಕೂಡದು. ಜ್ವರದ ಮಾತ್ರೆಯಿಂದ ಇಲ್ಲಿ ಪ್ರಯೋಜನವಿಲ್ಲ, ಇದು ಜ್ವರವಲ್ಲ.

ಬಾರದಂತೆ ನೋಡಿಕೊಳ್ಳುವ ವಿಧಾನಗಳು ಬಹುಮಟ್ಟಿಗೆ ನಮ್ಮ ಹಿರಿಯರ ಮನೆಯವೇ. ರಾಮನವಮಿಗೆ ಪಾನಕ, ಮಜ್ಜಿಗೆ, ಕೋಸಂಬರಿ ಹಂಚುವ ಪದ್ಧತಿ ಬೇಸಗೆಯ ಬಾಗಿಲಲ್ಲೇ ಬರುತ್ತದೆ. ರಾಗಿಯ ಅಂಬಲಿ, ಪುನರ್ಪುಳಿ ಷರಬತ್ತು, ಎಳನೀರು, ಗಂಜಿತಿಳಿ ಇವೆಲ್ಲ ನೀರಿನ ಹೊಸ ಹೊಸ ವೇಷಗಳು. ಹನ್ನೆರಡರಿಂದ ಮೂರರವರೆಗೆ ಹೊರಗಿನ ಕೆಲಸ ಬೇಡ. ಬಿಸಿಲು ಬೀಳುವ ಕಿಟಕಿಗೆ ಹೊರಗಿನಿಂದ ಚಾಪೆ ಇಳಿಬಿಡುವುದು, ಸಂಜೆ ಕಿಟಕಿ ತೆರೆಯುವುದು, ಮೇಲಿನ ಅಂತಸ್ತಿನವರು ಬೇಸಗೆಯಲ್ಲಿ ಹಿರಿಯರ ಹಾಸಿಗೆಯನ್ನು ತಂಪಾದ ಕೋಣೆಗೆ ಬದಲಿಸುವುದು ಇವು ಖರ್ಚಿಲ್ಲದ ಉಪಾಯಗಳು. ಒಂದು ಎಚ್ಚರಿಕೆ: ಒಣ ಬಿಸಿ ೪೦ ದಾಟಿದಾಗ ಬರೀ ಫ್ಯಾನು ಬಿಸಿಗಾಳಿಯನ್ನೇ ಮೈಗೆ ಬೀಸುತ್ತದೆ, ಆಗ ಮೈಯನ್ನೂ ಬಟ್ಟೆಯನ್ನೂ ಒದ್ದೆ ಮಾಡಿಕೊಂಡು ಕೂಡಬೇಕು.

ಹವಾನಿಯಂತ್ರಣ ಯಂತ್ರವಿದ್ದರೆ ಸಾಕಲ್ಲ ಎನ್ನುವವರಿದ್ದಾರೆ. ಹೃದ್ರೋಗಿಗಳಿರುವ ಮನೆಯಲ್ಲಿ ಅದು ಭೋಗವಸ್ತುವಲ್ಲ, ಅವಶ್ಯವೇ ಎಂಬುದನ್ನು ಒಪ್ಪುತ್ತೇವೆ. ಆದರೆ ಆ ಯಂತ್ರ ನಮ್ಮ ಕೋಣೆಯ ಕಾವನ್ನು ಎತ್ತಿ ಎದುರುಮನೆಯ ಕಿಟಕಿಯ ಮುಂದೆ ಸುರಿಯುತ್ತದೆ. ಅದಕ್ಕೆ ಬೇಕಾದ ವಿದ್ಯುತ್ತಿನ ಹೆಚ್ಚಿನ ಪಾಲು ಇಂದಿಗೂ ಕಲ್ಲಿದ್ದಲಿನಿಂದ. ಹದಿನೆಂಟು ಡಿಗ್ರಿಗೆ ಇಟ್ಟು ಕಂಬಳಿ ಹೊದೆಯುವುದಕ್ಕಿಂತ ಇಪ್ಪತ್ತಾರಕ್ಕೆ ಇಟ್ಟು ಫ್ಯಾನು ಹಾಕಿಕೊಳ್ಳುವುದು ಆರೋಗ್ಯಕ್ಕೂ ಲೇಸು, ಬಿಲ್ಲಿಗೂ ಲೇಸು, ನೆರೆಯವರಿಗೂ ಲೇಸು.

ಊರು ಮನಸ್ಸು ಮಾಡಿದರೆ ಏನಾದೀತೆಂಬುದಕ್ಕೆ ಅಹಮದಾಬಾದೇ ಸಾಕ್ಷಿ. ೨೦೧೦ರ ಸಾವುಗಳಿಂದ ಎಚ್ಚೆತ್ತು ಅಲ್ಲಿನ ನಗರಸಭೆ ೨೦೧೩ರಲ್ಲಿ ಸೆಕೆ ಎದುರಿಸುವ ಯೋಜನೆಯೊಂದನ್ನು ರೂಪಿಸಿತು. ದಕ್ಷಿಣ ಏಷ್ಯದಲ್ಲಿ ಇದೇ ಮೊದಲನೆಯದು. ಬಿಸಿ ೪೫ ಮುಟ್ಟುವ ಸೂಚನೆಯಿದ್ದರೆ ಕೆಂಪು ಎಚ್ಚರಿಕೆ, ಫೋನುಗಳಿಗೆ ಸಂದೇಶ, ಬೀದಿಗಳಲ್ಲಿ ಕುಡಿಯುವ ನೀರು, ಆಸ್ಪತ್ರೆಗಳಲ್ಲಿ ಮಂಜುಗಡ್ಡೆಯ ಸಿದ್ಧತೆ. ಒಂದು ಆಸ್ಪತ್ರೆಯಲ್ಲಿ ಮೇಲಂತಸ್ತಿನಲ್ಲಿದ್ದ ನವಜಾತ ಶಿಶುಗಳ ವಾರ್ಡನ್ನು ಕೆಳಗಿಳಿಸಿದ್ದರಿಂದಲೇ ಸೆಕೆಯಿಂದ ನರಳುವ ಕೂಸುಗಳ ಸಂಖ್ಯೆ ತಗ್ಗಿತು. ಯೋಜನೆಯಿಂದ ವರ್ಷಕ್ಕೆ ಸಾವಿರಕ್ಕೂ ಮೇಲ್ಪಟ್ಟು ಸಾವು ತಪ್ಪಿರಬೇಕೆಂದು ೨೦೧೮ರ ಅಧ್ಯಯನ ಅಂದಾಜು ಮಾಡಿತು. ೨೦೨೩ರಲ್ಲಿ ತೆಲಂಗಾಣ ಸರ್ಕಾರ ತಂಪು ಚಾವಣಿಗಾಗಿಯೇ ಒಂದು ನೀತಿಯನ್ನು ತಂದಿತು. ತಾರಸಿಗೆ ಬಿಳಿಯ ಬಣ್ಣವನ್ನೋ ಸುಣ್ಣವನ್ನೋ ಬಳಿದರೆ ಕೆಳಗಿನ ಕೋಣೆ ಕೆಲವು ಡಿಗ್ರಿ ತಂಪಾಗುತ್ತದೆ. ಇದಕ್ಕೆ ಸರ್ಕಾರದ ದಾರಿ ಕಾಯಬೇಕಾಗಿಲ್ಲ. ಕಟ್ಟಡದ ಸಭೆಯಲ್ಲಿ ಒಬ್ಬರು ಎದ್ದು ಸೂಚಿಸಿದರೆ ಸಾಕು.

ಹಾಗಾದರೆ ನಮ್ಮ ಸಂಘ ಏನು ಮಾಡಬಹುದು? ಮೂರು ಸಲಹೆಗಳನ್ನು ಕಾರ್ಯಕಾರಿ ಸಮಿತಿಯ ಮುಂದಿಡುತ್ತೇವೆ. ಮೊದಲನೆಯದು, ಏಪ್ರಿಲಿನಿಂದ ಜೂನಿನವರೆಗೆ ಬಯಲಿನಲ್ಲಿ ಹಗಲಿನ ಕಾರ್ಯಕ್ರಮ ಬೇಡ. ಮಕ್ಕಳ ಆಟೋಟ ಬೆಳಗ್ಗೆ ಒಂಬತ್ತರೊಳಗೆ ಮುಗಿಯಲಿ. ಸನ್ಮಾನ ಭಾಷಣಗಳು ಸಂಜೆ ಸಭಾಂಗಣದಲ್ಲಿ ನಡೆಯಲಿ. ಎದ್ದುಹೋಗಲು ಸಂಕೋಚಪಡುವ ಸಭಿಕರನ್ನು ಬಿಸಿಲಿನಲ್ಲಿ ಕೂಡಿಸುವುದು ಆತಿಥ್ಯವಲ್ಲ. ಎರಡನೆಯದು, ಆ ಮೂರು ತಿಂಗಳು ಸಂಘದ ಬಾಗಿಲಲ್ಲಿ ನೀರಿನ ಮಡಕೆಯೊಂದು ಇರಲಿ. ಅಂಚೆಯವರು, ಡಬ್ಬಾದವರು, ಪಾರ್ಸಲು ತರುವ ಹುಡುಗರು, ಯಾರೇ ಆಗಲಿ, ಭಾಷೆ ಕೇಳದೆ ಕುಡಿದು ಹೋಗಲಿ.

ಮೂರನೆಯದೇ ಮುಖ್ಯ. ೨೦೦೩ರ ಅನಾಹುತವಾದ ಮರುವರ್ಷ ಫ್ರಾನ್ಸಿನಲ್ಲಿ ಒಂಟಿಯಾಗಿರುವ ವೃದ್ಧರ ಪಟ್ಟಿಯನ್ನು ಪ್ರತಿ ಊರಿನ ಆಡಳಿತವೂ ಇಟ್ಟುಕೊಳ್ಳಬೇಕೆಂದು ಕಾನೂನು ಮಾಡಿದರು. ನಮಗೆ ಕಾನೂನಿನ ಅಗತ್ಯವಿಲ್ಲ. ಸದಸ್ಯರ ಪಟ್ಟಿ ಕಚೇರಿಯ ಕಪಾಟಿನಲ್ಲೇ ಇದೆ. ಅದರಲ್ಲಿ ಎಪ್ಪತ್ತು ದಾಟಿದವರು ಯಾರು, ಒಂಟಿಯಾಗಿರುವವರು ಯಾರು, ಮೇಲಿನ ಅಂತಸ್ತಿನಲ್ಲಿರುವವರು ಯಾರು ಎಂದು ಗುರುತು ಹಾಕಿಕೊಳ್ಳಬೇಕು. ಒಬ್ಬೊಬ್ಬ ತರುಣ ಸದಸ್ಯರಿಗೆ ಇಬ್ಬರು ಮೂವರು ಹಿರಿಯರ ಹೊಣೆ. ಬೇಗೆಯ ದಿನಗಳಲ್ಲಿ ಮಧ್ಯಾಹ್ನ ಒಂದು ಫೋನು, ಸಂಜೆ ಒಂದು ಭೇಟಿ. ಫೋನು ಎತ್ತದಿದ್ದರೆ ಮನೆಗೆ ಹೋಗಿ ನೋಡುವುದು. ರಜೆಗೆ ಊರಿಗೆ ಹೊರಡುವವರು ತಮ್ಮ ಪಾಲಿನ ಹಿರಿಯರನ್ನು ಇನ್ನೊಬ್ಬರಿಗೆ ಒಪ್ಪಿಸಿ ಹೊರಡುವುದು. ಇದರಲ್ಲಿ ಖರ್ಚೂ ಇಲ್ಲ, ಗದ್ದಲವೂ ಇಲ್ಲ.

ಈ ಅಂಕಣ ಓದಿದವರು ಸಮಿತಿಯ ತೀರ್ಮಾನಕ್ಕೂ ಕಾಯಬೇಕಾಗಿಲ್ಲ. ನಿಮ್ಮ ಕಟ್ಟಡದಲ್ಲಿ ಒಂಟಿಯಾಗಿರುವ ಹಿರಿಯರ ಹೆಸರು, ವಿಳಾಸಗಳನ್ನು ಅವರ ಒಪ್ಪಿಗೆ ಪಡೆದು ಸಂಘದ ಕಾರ್ಯದರ್ಶಿಗಳಿಗೆ ತಿಳಿಸಿರಿ. ಅವರು ಕನ್ನಡಿಗರೇ ಆಗಿರಬೇಕೆಂಬ ನಿಯಮವಿಲ್ಲ.